ತೋಟದ ಮನೆಗೆ ಪಂಪ್ ಆಕ್ಷನ್ ಕೋವಿ: ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಕೊಡಗು, ಮಲೆನಾಡಿನ ತೋಟದ ಮನೆಗಳಿಗೆ ಪರಿಚಿತವಾದದ್ದು ಮಡಚುವ ಕೋವಿ. ಒಂಟಿನಳಿಗೆಯಾಗಲಿ ಜೋಡುನಳಿಗೆಯಾಗಲಿ, ಮಧ್ಯಕ್ಕೆ ಮಡಚಿದರೆ ಒಳಗೆ ತೋಟೆ (ಕಾರ್ಟ್ರಿಜ್) ಇದೆಯೋ ಇಲ್ಲವೋ ಒಂದೇ ನೋಟಕ್ಕೆ ಕಾಣುತ್ತದೆ. ಪಂಪ್ ಆಕ್ಷನ್ ಹಾಗಲ್ಲ. ನಳಿಗೆಯ ಕೆಳಗಿನ ಮ್ಯಾಗಜಿನ್ ಕೊಳವೆಯಲ್ಲಿ ನಾಲ್ಕೈದು ತೋಟೆ ಅಡಗಿ ಕೂತಿರುತ್ತವೆ, ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಚೇಂಬರಿನಲ್ಲಿ ಇನ್ನೊಂದು ಇದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಆತ್ಮರಕ್ಷಣೆಗೆಂದು ಈ ಕೋವಿ ಕೊಳ್ಳಲು ಹೊರಟವರು ಹೆಸರು, ಬೆಲೆ, ಹೊಳಪು ನೋಡುವ ಮೊದಲು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಕೋವಿ ಕೆಲಸ ಮಾಡುವ ಬಗೆ ಸರಳ. ಮುಂದಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಬಿಚ್ಚಿಕೊಂಡು ಹಿಂದೆ ಸರಿಯುತ್ತದೆ, ಖಾಲಿ ತೋಟೆ ಹೊರಗೆ ಹಾರುತ್ತದೆ, ಈಡು ಹಾರಿಸಲು ಬಡಿಯುವ ಒಳಗಿನ ಕುದುರೆ ಏರುತ್ತದೆ. ಮುಂದಕ್ಕೆ ತಳ್ಳಿದರೆ ಕೊಳವೆಯಿಂದ ಬಂದ ಹೊಸ ತೋಟೆ ಚೇಂಬರಿಗೆ ಸೇರಿ ಬೋಲ್ಟ್ ಭದ್ರವಾಗುತ್ತದೆ. ಎಲ್ಲವೂ ಕೈಯ ಬಲದಿಂದಲೇ ನಡೆಯುವುದರಿಂದ ತೋಟೆಯ ಶಕ್ತಿ ಹೆಚ್ಚುಕಡಿಮೆಯಾದರೂ ಕೋವಿ ನಿಲ್ಲುವುದಿಲ್ಲ. ಇದೇ ಅದರ ಗುಣ. ದೋಷವೂ ಅಲ್ಲೇ ಇದೆ: ಗಾಬರಿಯಲ್ಲಿ ಕೈ ಪೂರ್ತಿ ಹಿಂದಕ್ಕೆ ಹೋಗದೆ ಅರ್ಧಕ್ಕೆ ಮರಳಿದರೆ ಖಾಲಿ ತೋಟೆ ಹೊರಬೀಳುವುದಿಲ್ಲ, ಹೊಸದು ಒಳಹೋಗುವುದಿಲ್ಲ. ಪಂಪ್ ಕೋವಿ ಕೈಕೊಡುವುದು ಬಹುಮಟ್ಟಿಗೆ ಈ ಅರ್ಧ ಎಳೆತದಿಂದ. ಹಾಗಾಗಿ ಇಲ್ಲಿನ ಪರೀಕ್ಷೆ ಕೋವಿಯದಷ್ಟೇ ಅಲ್ಲ, ಅದನ್ನು ಹಿಡಿಯುವ ಮನೆಯವರದೂ ಹೌದು.

ಮೊದಲು ಕಾಗದ, ಆಮೇಲೆ ಕೋವಿ

ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಕೊಡವರಿಗೂ ಕೊಡಗಿನ ಜಮ್ಮಾ (ಪರಂಪರಾಗತ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಅವರೂ ತಮ್ಮ ವಿನಾಯಿತಿ ಪತ್ರಕ್ಕೆ ಪಂಪ್ ಆಕ್ಷನ್ ಒಳಪಡುತ್ತದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯುವುದು ಒಳ್ಳೆಯದು.

ವಿದೇಶಿ ಕೋವಿಗಳ ಆಮದನ್ನು 1980ರ ದಶಕದ ಮಧ್ಯಭಾಗದಲ್ಲೇ ನಿರ್ಬಂಧಿಸಲಾಯಿತು. 1950ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ 870, 1960ರ ದಶಕದ ಆರಂಭದ ಮಾಸ್‌ಬರ್ಗ್ 500 ಇವುಗಳ ಹೊಗಳಿಕೆಯನ್ನು ಇಂಟರ್ನೆಟ್ಟಿನಲ್ಲಿ ಎಷ್ಟು ಓದಿದರೂ ಇಲ್ಲಿ ಕೈಗೆ ಸಿಗುವುದು ದೇಶದಲ್ಲೇ ತಯಾರಾದದ್ದು, ಇಲ್ಲವೇ ಹಲವು ಕೈ ದಾಟಿ ಬಂದ ಹಳೆಯದು. ಹಳೆಯದನ್ನು ಅಂಗಡಿಯ ಬದಲು ಇನ್ನೊಬ್ಬ ಪರವಾನಗಿದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಿ 45 ದಿನ ಕಳೆದಿರಬೇಕು. ರಿಸೀವರಿನ (ಬೋಲ್ಟ್, ಕುದುರೆಗಳಿರುವ ನಡುಭಾಗ) ಮೇಲಿನ ಸಂಖ್ಯೆ, ನಳಿಗೆಯ ಮೇಲೆ ಸಂಖ್ಯೆ ಇದ್ದರೆ ಅದು, ಮಾರುವವರ ಪರವಾನಗಿಯಲ್ಲಿ ನಮೂದಾದ ಸಂಖ್ಯೆ, ಇವನ್ನು ಅಕ್ಷರ ಅಕ್ಷರ ಹೋಲಿಸಿ. ಸಂಖ್ಯೆಯ ಜಾಗದಲ್ಲಿ ಅರ ಉಜ್ಜಿದ ಗುರುತಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೋವಿಯನ್ನು ಮೇಜಿನ ಮೇಲಿಟ್ಟು ಎದ್ದು ಬನ್ನಿ.

ಖಾಲಿ ಮಾಡುವುದನ್ನು ಕಲಿಯದೆ ಮುಟ್ಟಬೇಡಿ

ಕೋವಿ ಕೈಗೆ ಬಂದ ಕೂಡಲೇ ನಳಿಗೆಯ ಬಾಯಿ ಮರಳು ಮೂಟೆಯ ಕಡೆಗೋ ಗಟ್ಟಿ ಮಣ್ಣಿನ ದಿಬ್ಬದ ಕಡೆಗೋ ಇರಲಿ. ಬೆರಳು ಟ್ರಿಗರಿನಿಂದ ದೂರ. ಟ್ರಿಗರನ್ನು ತಡೆಹಿಡಿಯುವ ಸೇಫ್ಟಿ ಹಾಕಿ. ಕುದುರೆ ಏರಿದ್ದರೆ ಹಿಡಿ ಹಿಂದಕ್ಕೆ ಬರುವುದಿಲ್ಲ. ಟ್ರಿಗರ್ ಗಾರ್ಡಿನ ಪಕ್ಕದಲ್ಲಿರುವ ಪುಟ್ಟ ಬಿಡುಗಡೆ ಗುಂಡಿಯನ್ನು ಒತ್ತಿಕೊಂಡು ಎಳೆಯಬೇಕು. ಪೂರ್ತಿ ಎಳೆದ ಮೇಲೆ ಮೂರು ಜಾಗ ನೋಡಿ: ಚೇಂಬರ್, ತೋಟೆಯನ್ನು ಮೇಲೆತ್ತುವ ತಟ್ಟೆ, ಮ್ಯಾಗಜಿನ್ ಕೊಳವೆಯ ಬಾಯಿ. ಚೇಂಬರಿಗೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕೊಳವೆಯ ಬಾಯಲ್ಲಿ ಸ್ಪ್ರಿಂಗಿನ ಮುಂದಿನ ಬಿಲ್ಲೆ ಕಾಣಬೇಕು; ಅದರ ಬದಲು ತೋಟೆಯ ಹಿತ್ತಾಳೆ ತಳ ಕಂಡರೆ ಒಳಗೆ ಇನ್ನೂ ತೋಟೆಗಳಿವೆ. ಮ್ಯಾಗಜಿನ್ ಖಾಲಿ ಮಾಡದೆ ಹಿಡಿಯನ್ನು ಒಮ್ಮೆ ಮಾತ್ರ ಎಳೆದು ತಳ್ಳಿ ‘ಖಾಲಿ’ ಎಂದುಕೊಂಡರೆ, ಅದೇ ತಳ್ಳುವಿಕೆ ಇನ್ನೊಂದು ತೋಟೆಯನ್ನು ಚೇಂಬರಿಗೆ ಸೇರಿಸಿರುತ್ತದೆ. ಮಡಚುವ ಕೋವಿಗೆ ಒಗ್ಗಿದ ಕೈ ಎಡವುವುದು ಇಲ್ಲೇ.

ನಳಿಗೆ

ಖಾಲಿಯಾದ ಕೋವಿಯ ಬೋಲ್ಟ್ ಮುಚ್ಚಿ, ನಳಿಗೆಯ ಬಾಯಿಯಿಂದ ನೇರವಾದ ಮರದ ಕಡ್ಡಿಯೊಂದನ್ನು ಬೋಲ್ಟ್ ತಗಲುವವರೆಗೆ ಇಳಿಬಿಟ್ಟು, ಬಾಯಿಯ ಅಂಚಿಗೆ ಸರಿಯಾಗಿ ಪೆನ್ಸಿಲ್ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಚರೆ ಹರಡುವುದನ್ನು ಕಡಿಮೆ ಮಾಡಲು ಬಾಯಿಗೆ ತಿರುಗಿಸಿ ಹಾಕುವ ಚೋಕ್ ಇದ್ದರೆ ಅದನ್ನು ಬಿಚ್ಚಿಟ್ಟು ಅಳೆಯುವುದೇ ಕ್ಷೇಮ. ಅಳತೆ 508 ಮಿಲಿಮೀಟರ್, ಅಂದರೆ 20 ಇಂಚಿಗಿಂತ ಕಡಿಮೆಯಿರಬಾರದು. ಅಮೆರಿಕದಲ್ಲಿ ಕಾನೂನಿನ ಕನಿಷ್ಠ ಮಿತಿ 18 ಇಂಚು, ಅಲ್ಲಿ ಮನೆರಕ್ಷಣೆಗೆಂದು ಮಾರುವ ಕೋವಿಗಳ ನಳಿಗೆ 18.5 ಇಂಚು ಇರುವುದು ಸಾಮಾನ್ಯ. ಆ ಅಳತೆಯ ಕೋವಿ ನಮ್ಮಲ್ಲಿ ಸಾಮಾನ್ಯ ಪರವಾನಗಿಗೆ ಒಳಪಡುವುದಿಲ್ಲ. ಪರವಾನಗಿಯಿಲ್ಲದೆ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದು ಆಯುಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಪರಾಧ. ಬಾಯಿಯ ಅಂಚು ಒರಟಾಗಿದ್ದು, ಗುರಿಮಣಿ ಹೊಸದಾಗಿ ಕೂರಿಸಿದಂತಿದ್ದರೆ ಯಾರೋ ಕತ್ತರಿಸಿರಬಹುದು.

ಮತ್ತೆ ಬೋಲ್ಟ್ ತೆರೆದು, ಚೇಂಬರಿನ ಕಡೆ ಬಿಳಿ ಕಾಗದ ಹಿಡಿದು, ಅದರ ಮೇಲೆ ಟಾರ್ಚ್ ಬಿಟ್ಟು ಬಾಯಿಯ ಕಡೆಯಿಂದ ನೋಡಿ. ಒಳಮೈಯಲ್ಲಿ ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ; ಹಿಂದೆಂದೋ ಏನೋ ಅಡ್ಡವಿದ್ದಾಗ ಈಡು ಹಾರಿಸಿದ ಗುರುತು ಅದು. ಅಂಥ ಕೋವಿ ಬೇಡವೇ ಬೇಡ. ಮಲೆನಾಡಿನಲ್ಲಿ ಮೂಲೆಗೆ ಒರಗಿಸಿಟ್ಟ ಕೋವಿಯ ಬಾಯಲ್ಲಿ ಕುಂಬಾರ ಹುಳ ಗೂಡು ಕಟ್ಟಿಬಿಡುತ್ತದೆ, ಆ ಒಂದು ಚಿಟಿಕೆ ಮಣ್ಣೂ ಅಡ್ಡವೇ. ಸಣ್ಣ ತುಕ್ಕಿನ ಕುಳಿಗಳು ನಳಿಗೆಯಲ್ಲಿದ್ದರೆ ಸಹಿಸಬಹುದು, ಚೇಂಬರಿನಲ್ಲಿದ್ದರೆ ಸಹಿಸಬಾರದು: ಈಡಾದ ತೋಟೆ ಹಿಗ್ಗಿ ಆ ಕುಳಿಗಳಿಗೆ ಕಚ್ಚಿಕೊಂಡು ಹೊರಬರುವುದೇ ಇಲ್ಲ. ಮ್ಯಾಗಜಿನ್ ಕೊಳವೆಯ ಮೇಲೆ ಬೆರಳಾಡಿಸಿ. ಅದರ ತಗಡು ತೆಳು, ಒಂದು ತಗ್ಗು ಬಿದ್ದಿದ್ದರೂ ತೋಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಚೇಂಬರಿನ ಉದ್ದ. ನಳಿಗೆಯ ಮೇಲೆ 65, 70 ಅಥವಾ 76 ಮಿಲಿಮೀಟರ್ ಎಂದೋ, ಇಂಚಿನಲ್ಲಿ ಎರಡೂವರೆ, ಎರಡೂಮುಕ್ಕಾಲು, ಮೂರು ಎಂದೋ ಕೊರೆದಿರುತ್ತದೆ. ಇದು ಈಡಾಗಿ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ, ಅಂಗಡಿಯಿಂದ ತಂದ ತೋಟೆಯದ್ದಲ್ಲ. ಹಾಗಾಗಿ 70ರ ತೋಟೆ 65ರ ಚೇಂಬರಿಗೆ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮಾತ್ರ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ‘ಕೂರುತ್ತದಲ್ಲ’ ಎಂಬ ಮಾತನ್ನು ನಂಬಬೇಡಿ, ಕೊರೆದ ಅಂಕಿಯನ್ನು ನಂಬಿ. 12 ಬೋರಿನದಕ್ಕಿಂತ ಸಣಕಲಾದ 20 ಬೋರಿನ ತೋಟೆ ಅದೇ ಮನೆಯಲ್ಲಿದ್ದರೆ ಬೇರೆ ಬೀರುವಿನಲ್ಲಿಡಿ. ಅದು 12 ಬೋರಿನ ಚೇಂಬರಿನಿಂದ ಮುಂದೆ ಜಾರಿ ನಳಿಗೆಯೊಳಗೆ ಕೂತರೆ, ಖಾಲಿಯೆಂದು ಭಾವಿಸಿ ಹಿಂದಿನಿಂದ 12ರ ತೋಟೆ ಹಾಕಿ ಹಾರಿಸಿದಾಗ ನಳಿಗೆ ಸಿಡಿಯುತ್ತದೆ.

ಡಮ್ಮಿ ತೋಟೆಯ ಪರೀಕ್ಷೆ

ಐದು ಡಮ್ಮಿ ತೋಟೆ ಬೇಕು: ಮದ್ದಿಲ್ಲದ, ಕೇಪಿನ ಜಾಗದಲ್ಲಿ ರಬ್ಬರ್ ಅಥವಾ ಸ್ಪ್ರಿಂಗ್ ಇರುವಂಥವು. ಈ ಪರೀಕ್ಷೆ ನಡೆಯುವ ಕೋಣೆಗೆ ನಿಜವಾದ ತೋಟೆ ಒಂದೂ ಬರಕೂಡದು.

ಬೋಲ್ಟ್ ಮುಚ್ಚಿಟ್ಟು ಒಂದು ಡಮ್ಮಿಯನ್ನು ಮ್ಯಾಗಜಿನ್ನಿಗೆ ತಳ್ಳಿ. ‘ಟಕ್’ ಎಂದು ಅಲ್ಲೇ ನಿಲ್ಲಬೇಕು. ಜಾರಿ ಹಿಂದಕ್ಕೆ ಬಂದರೆ ತೋಟೆ ತಡೆಯುವ ಕೊಂಡಿ ಸವೆದಿದೆ. ಅಂಥ ಕೋವಿಯಲ್ಲಿ ಒಮ್ಮೆಗೇ ಎರಡು ತೋಟೆ ಬಂದು ತಟ್ಟೆಯ ಮೇಲೆ ಸಿಕ್ಕಿಕೊಳ್ಳುತ್ತವೆ, ಕತ್ತಲಲ್ಲಿ ಅದನ್ನು ಬಿಡಿಸುವುದು ಆಗದ ಮಾತು. ಆಮೇಲೆ ಐದನ್ನೂ ತುಂಬಿ, ಮೊದಲು ನಿಧಾನವಾಗಿ, ನಂತರ ಜೋರಾಗಿ ಎಳೆದು ತಳ್ಳಿ, ಎಲ್ಲ ಹೊರಬೀಳುವವರೆಗೆ. ಇದನ್ನು ನಾಲ್ಕು ಸಲ ಮಾಡಿದರೆ ಇಪ್ಪತ್ತು ಎಳೆತವಾಯಿತು. ಜೋರಾಗಿ ಎಳೆದಾಗ ಡಮ್ಮಿ ಪಕ್ಕಕ್ಕೆ ಚಿಮ್ಮಬೇಕು. ಕಾಲ ಬುಡಕ್ಕೆ ಸುಮ್ಮನೆ ಉದುರಿದರೆ ತೋಟೆ ಎಳೆಯುವ ಉಗುರೋ ಹೊರದೂಡುವ ತುಂಡೋ ದುರ್ಬಲವಾಗಿದೆ. ಇಪ್ಪತ್ತರಲ್ಲಿ ಒಂದು ಸಿಕ್ಕಿಕೊಂಡರೂ ಕಾರಣ ತಿಳಿಯದೆ ಮುಂದುವರಿಯಬೇಡಿ. ಅಂಗಡಿಯವರು ‘ಎಣ್ಣೆ ಹಾಕಿದರೆ ಸರಿಹೋಗುತ್ತದೆ’ ಎಂದರೆ, ಎಣ್ಣೆ ಹಾಕಿಸಿ ಇನ್ನೊಮ್ಮೆ ಇಪ್ಪತ್ತು ಎಳೆಯಿರಿ.

ಮುಂದೆ ಟ್ರಿಗರ್. ಚೇಂಬರಿನಲ್ಲಿ ಡಮ್ಮಿ, ಕುದುರೆ ಏರಿದೆ, ಸೇಫ್ಟಿ ಹಾಕಿದೆ. ಟ್ರಿಗರನ್ನು ಬಲವಾಗಿ ಒತ್ತಿ ಬಿಡಿ, ಕುದುರೆ ಬೀಳಬಾರದು. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ, ಆಗಲೂ ಬೀಳಬಾರದು. ಬಟ್ಟಿನ (ಹೆಗಲಿಗೆ ಒತ್ತಿಡುವ ಹಿಂಭಾಗ) ತಳವನ್ನು ದಪ್ಪ ರಬ್ಬರ್ ಮ್ಯಾಟಿನ ಮೇಲೆ ಎರಡು ಮೂರು ಸಲ ಕುಟ್ಟಿ, ಬೀಳಬಾರದು. ಇವುಗಳಲ್ಲಿ ಯಾವುದು ತಪ್ಪಿದರೂ ಕೋವಿ ತಿರಸ್ಕರಿಸಲು ಅಷ್ಟು ಸಾಕು. ಕೊನೆಗೆ ಟ್ರಿಗರ್ ಒತ್ತಿ ಹಿಡಿದುಕೊಂಡೇ ಒಮ್ಮೆ ಎಳೆದು ತಳ್ಳಿ. ಈಗಿನ ವಿನ್ಯಾಸಗಳಲ್ಲಿ ಕುದುರೆ ಏರಿಯೇ ಇರಬೇಕು. ವಿಂಚೆಸ್ಟರ್ 1897, ಮಾಡೆಲ್ 12ರಂಥ ಹಳೆಯ ಪಂಪ್ ಕೋವಿಗಳಲ್ಲಿ ಹಾಗೆ ಹಿಡಿದು ತಳ್ಳಿದರೆ ಬೋಲ್ಟ್ ಮುಚ್ಚುವಾಗಲೇ ಈಡು ಹಾರುತ್ತದೆ. ಅದು ಆ ಕೋವಿಯ ಹುಟ್ಟುಗುಣ, ಕೆಟ್ಟಿದ್ದಲ್ಲ. ಆದರೆ ಮನೆರಕ್ಷಣೆಗೆ ಇಡುವ ಕೋವಿಗೆ ಆ ಗುಣ ಸಲ್ಲದು.

ಯಾರ ಕೈಗೆ?

ಪರವಾನಗಿ ಯಾರ ಹೆಸರಿಗಿದೆಯೋ ಅವರಿಗೆ ಕೋವಿ ಹೊಂದಬೇಕು. ಬಟ್ಟಿನ ತಳವನ್ನು ಮೊಣಕೈ ಮಡಿಕೆಗೆ ಕೊಟ್ಟು ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿಗೆ ತಲುಪಬೇಕು. ಬಟ್ಟಿನಿಂದ ಟ್ರಿಗರಿಗೆ ಸಾಮಾನ್ಯವಾಗಿ ಇರುವ 14 ಇಂಚು ಗಿಡ್ಡನೆಯವರಿಗೆ ಉದ್ದವಾಗುತ್ತದೆ. ಉದ್ದವಾದಾಗ ಮುಂದಿನ ಹಿಡಿಗೆ ಕೈ ಪೂರ್ತಿ ಚಾಚಬೇಕಾಗಿ, ಎಳೆತ ಅರ್ಧವಾಗುತ್ತದೆ. ಬಟ್ಟನ್ನು 13 ಇಂಚಿನ ಸುಮಾರಿಗೆ ಕುಯ್ಯಿಸಿ ರಬ್ಬರ್ ಪ್ಯಾಡ್ ಹಾಕಿಸುವುದು ಕೋವಿ ರಿಪೇರಿಯವರಿಗೆ ಸಣ್ಣ ಕೆಲಸ. ತೂಕ ಮೂರರಿಂದ ಮೂರೂವರೆ ಕಿಲೋ ಇದ್ದರೆ ಒದೆತ ತಡೆಯಬಹುದು. ಹಗುರವಾದಷ್ಟೂ ಹೆಗಲಿಗೆ ಪೆಟ್ಟು ಹೆಚ್ಚು.

ಕಾಗದದ ಮೇಲೆ ಚರೆ

ಪರವಾನಗಿ ಇರುವ ಶೂಟಿಂಗ್ ರೇಂಜಿನಲ್ಲಿ ಕನಿಷ್ಠ 25 ಈಡು ಹಾರಿಸಿ, ಮನೆಯಲ್ಲಿ ಇಡಲಿರುವ ತೋಟೆಯಿಂದಲೇ. ಮೊದಲು ಮನೆಯೊಳಗೆ ಅತಿ ಉದ್ದದ ನೇರ ದಾರಿ ಅಳೆದುಕೊಂಡು ಹೋಗಿ: ಜಗಲಿಯಿಂದ ಅಡುಗೆಮನೆಯ ಬಾಗಿಲಿಗೆ ಎಂಟು ಮೀಟರೋ ಹತ್ತೋ. ಆ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ಚರೆ ಎಷ್ಟು ಹರಡಿತೆಂದು ಗುರುತಿಸಿ. ಚೋಕ್ ಇಲ್ಲದ ನಳಿಗೆಯಲ್ಲಿ ಅಂದಾಜು ಮೀಟರಿಗೆ ಎರಡೂವರೆಯಿಂದ ಮೂರು ಸೆಂಟಿಮೀಟರ್. ಐದು ಮೀಟರಿನಲ್ಲಿ ಒಂದು ಗೇಣಿಗೂ ಕಡಿಮೆ, ಅಷ್ಟೆ. ‘ಚರೆ ಕೋವಿಗೆ ಗುರಿ ಬೇಡ, ಆ ಕಡೆ ತಿರುಗಿಸಿದರೆ ಸಾಕು’ ಎಂಬ ಮಾತನ್ನು ಈ ಕಾಗದವೇ ಸುಳ್ಳು ಮಾಡುತ್ತದೆ.

ತಪ್ಪಿದ ಚರೆ ಎಲ್ಲಿಗೆ ಹೋಗುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಎಸ್‌ಜಿ, ಎಲ್‌ಜಿಯಂಥ ದಪ್ಪ ಚರೆಗೆ ಹಲಗೆ ಬಾಗಿಲು, ಹೆಂಚು, ತಗಡಿನ ಶೀಟು ತಡೆಯೇ ಅಲ್ಲ. ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಮಕ್ಕಳು ಮಲಗುವ ಕೋಣೆ, ಆಳುಗಳ ಲೈನ್ ಮನೆ, ಪಕ್ಕದ ದಾರಿ ಗುರುತಿಸಿ, ಯಾವ ದಿಕ್ಕಿಗೆ ಎಂದೂ ಕೋವಿ ತಿರುಗಿಸಬಾರದು ಎಂದು ಹಗಲಲ್ಲೇ ನಿರ್ಧರಿಸಿ. ರಾತ್ರಿ ಅಂಗಳದಲ್ಲಿ ಸದ್ದಾದರೆ ಮೊದಲು ಬಾಗಿಲ ಚಿಲಕ, ಹೊರಗಿನ ದೀಪ, 112ಕ್ಕೆ ಕರೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಆದರೆ 37ನೇ ಕಲಮು ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶ ಕೊಡುವುದಿಲ್ಲ. ಕಾಫಿ ಕದ್ದು ಓಡುತ್ತಿರುವವನ ಬೆನ್ನಿಗೆ ಹಾರಿಸಿದ ಈಡು ರಕ್ಷಣೆ ಎನಿಸಿಕೊಳ್ಳುವುದು ಕಷ್ಟ.

ಮಳೆಗಾಲ, ಬೀಗ, ಚುನಾವಣೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎಣ್ಣೆ ಸವರಿದ ಬಟ್ಟೆಯಿಂದ ಒರೆಸದಿದ್ದರೆ ಎಂಥ ಕೋವಿಯೂ ತುಕ್ಕು ಹಿಡಿಯುತ್ತದೆ. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬಕ್ಕೆ ವರ್ಷಕ್ಕೊಮ್ಮೆ ಉಜ್ಜಿ ಹೂ ಮುಡಿಸಿದರೆ ಪೂಜೆಗಾಯಿತು, ಚೇಂಬರಿಗೆ ಸಾಲದು. ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹೀರಿಕೊಂಡು ಕಬ್ಬಿಣಕ್ಕೇ ಕೊಡುತ್ತದೆ. ಚೇಂಬರಿನೊಳಗೆ ಎಣ್ಣೆ ಉಳಿಯದಂತೆ ಒಣಬಟ್ಟೆಯಿಂದ ಒರೆಸಿ. ತೋಟೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ತಿಂಗಳಿಗೊಮ್ಮೆ ಉರುಳಿಸಿ ನೋಡಿ. ಉಬ್ಬಿದ್ದು, ತಳ ಹಸಿರುಗಟ್ಟಿದ್ದು ಬೇರೆ ತೆಗೆದಿಡಿ.

ಕೋವಿ ಖಾಲಿ, ಕಬ್ಬಿಣದ ಬೀರುವಿಗೆ ಬೀಗ, ತೋಟೆ ಇನ್ನೊಂದು ಬೀಗದಲ್ಲಿ. ಸುರಕ್ಷಿತವಾಗಿ ಇಡುವ ಬಗ್ಗೆ ಪರವಾನಗಿ ಅರ್ಜಿಯಲ್ಲೇ ಹೇಳಿಕೆ ಕೊಟ್ಟಿರುತ್ತೀರಿ. ಹೀಗಿಟ್ಟರೆ ಕೈಗೆ ಸಿಗಲು ಒಂದೆರಡು ನಿಮಿಷ ಬೇಕು ನಿಜ. ಆ ಎರಡು ನಿಮಿಷವನ್ನು ಗಟ್ಟಿ ಬಾಗಿಲು ಮತ್ತು ನಾಯಿ ಸಂಪಾದಿಸಿಕೊಡಬೇಕೇ ಹೊರತು, ಮಕ್ಕಳಿರುವ ಮನೆಯಲ್ಲಿ ತುಂಬಿದ ಕೋವಿ ಮಂಚದ ಕೆಳಗಿಡುವುದು ಖಂಡಿತ ಕೂಡದು.

ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗಿ ಬರುತ್ತದೆ, ವಾರಗಟ್ಟಲೆ ಅಲ್ಲೇ ಇರುತ್ತದೆ. ಕೊಡುವ ಮುನ್ನ ನಳಿಗೆಗೆ ಧಾರಾಳವಾಗಿ ಎಣ್ಣೆ ಹಚ್ಚಿ, ರಸೀದಿಯಲ್ಲಿ ಸಂಖ್ಯೆ ಸರಿಯಾಗಿ ಬರೆದಿದ್ದಾರೆಯೇ ನೋಡಿ. ಮರಳಿ ತಂದ ದಿನ ಮೂರು ಜಾಗ ನೋಡಿ ಖಾಲಿಯೆಂದು ಖಚಿತಪಡಿಸಿಕೊಂಡು, ನಳಿಗೆಯಲ್ಲಿ ಟಾರ್ಚ್ ಬಿಟ್ಟು, ಇಪ್ಪತ್ತು ಎಳೆತದ ಡಮ್ಮಿ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.