ಮಧುಮೇಹಿಗಳು ಹಲ್ಲಿನ ಸೆಟ್‌ಗೆ ಹೊಂದಿಕೊಳ್ಳುವುದು ಹೇಗೆ?

ಹೊಸದಾಗಿ ಹಲ್ಲಿನ ಸೆಟ್ ಹಾಕಿಸಿಕೊಂಡ ಅನೇಕರು ನೋವಾದರೆ ಆಗ ನೋಡೋಣ ಎಂದು ಸುಮ್ಮನಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಧುಮೇಹ ಇರುವವರು ಹೀಗೆ ಸುಮ್ಮನಿರಬಾರದು. ನರಗಳು ದುರ್ಬಲಗೊಂಡಿದ್ದರೆ ಒಸಡು ಉಜ್ಜಿ ಹುಣ್ಣಾದರೂ ನೋವು ತಿಳಿಯದಿರಬಹುದು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಆ ಹುಣ್ಣು ಮಾಯುವುದೂ ತಡ.

ಮೊದಲ ದಿನಗಳಲ್ಲಿ ಮೆತ್ತನೆಯ ಆಹಾರವನ್ನು ಸಣ್ಣ ತುತ್ತುಗಳಲ್ಲಿ ಎರಡೂ ಬದಿಯಿಂದ ಅಗಿಯಿರಿ. ಮಾತು ತೊದಲಿದರೆ ಗಟ್ಟಿಯಾಗಿ ಓದುವುದನ್ನು ರೂಢಿಸಿಕೊಳ್ಳಿ. ಅಗಿಯಲಾಗದೆ ಊಟ ಕಡಿಮೆಯಾದಾಗ ಎಂದಿನಷ್ಟೇ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡರೆ ರಕ್ತದ ಸಕ್ಕರೆ 70 mg/dLಗಿಂತ ಕೆಳಗೆ, ಅಂದರೆ ಅಪಾಯದ ಮಟ್ಟಕ್ಕೆ ಇಳಿಯಬಹುದು; ಆದ್ದರಿಂದ ಸೆಟ್ ಹಾಕಿಸುವ ಮೊದಲೇ ಈ ಬಗ್ಗೆ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ.

ಜನರು ಎಡವುವುದು ಮುಂದಿನ ಹಂತದಲ್ಲಿ. ಬೆಳಿಗ್ಗೆ ಮತ್ತು ರಾತ್ರಿ ಸೆಟ್ ತೆಗೆದು, ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಹಿಡಿದು, ಒಸಡಿನ ಅಂಚು, ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಮತ್ತು ಬಾಯಿಯ ಮೇಲ್ಭಾಗದ ಅಂಗಳವನ್ನು ನಿಧಾನವಾಗಿ ನೋಡಿ. ಒಂದೇ ಕಡೆ ಕೆಂಪಗಾಗಿದ್ದರೆ ಅಥವಾ ಸಿಪ್ಪೆ ಸುಲಿದಂತಿದ್ದರೆ ಅಲ್ಲಿ ಸೆಟ್ ಒತ್ತುತ್ತಿದೆ ಎಂದು ತಿಳಿಯಬೇಕು. ಅಂಗಳವೆಲ್ಲ ಕೆಂಪಾಗಿದ್ದರೆ ಅಥವಾ ಬಿಳಿಯ ಪದರ ಕಾಣಿಸಿದರೆ ಅದು ಶಿಲೀಂಧ್ರದ ಸೋಂಕಿರಬಹುದು. ಬಾಯಿ ಒಣಗುವ ಮಧುಮೇಹಿಗಳಲ್ಲಿ ಇದು ಹೆಚ್ಚು. ಎರಡರಲ್ಲಿ ಯಾವುದು ಕಂಡರೂ ದಂತವೈದ್ಯರ ಬಳಿಗೆ ಹೋಗಿ. ಒತ್ತುವ ಜಾಗ ಅವರಿಗೆ ಸ್ಪಷ್ಟವಾಗಿ ಕಾಣುವಂತೆ, ಸಹಿಸಲಾಗದ ನೋವಿಲ್ಲದಿದ್ದರೆ, ಹೋಗುವ ಮುನ್ನ ಕೆಲವು ಗಂಟೆ ಸೆಟ್ ಧರಿಸಿರಿ. ಮನೆಯಲ್ಲೇ ಅರದಿಂದ ಉಜ್ಜುವ ಕೆಲಸಕ್ಕೆ ಖಂಡಿತ ಕೈಹಾಕಬೇಡಿ. ಹೆಚ್ಚು ಉಜ್ಜಿದರೆ ಸೆಟ್ಟಿನ ಹಿಡಿತವೇ ಹೋಗುತ್ತದೆ. ಎರಡು ವಾರವಾದರೂ ಮಾಯದ ಹುಣ್ಣನ್ನು ಪರೀಕ್ಷೆ ಮಾಡಿಸದೆ ಬಿಡಬಾರದು.

ರಾತ್ರಿ ಸೆಟ್ ತೆಗೆದೇ ಮಲಗಿ. ಮೃದುವಾದ ಬ್ರಷ್ ಮತ್ತು ಸೌಮ್ಯ ಸೋಪಿನಿಂದ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಿ. ಕುದಿನೀರಿನಲ್ಲಿ ಅದರ ಆಕಾರ ಕೆಡುತ್ತದೆ, ಸಾಮಾನ್ಯ ಟೂತ್‌ಪೇಸ್ಟಿನಿಂದ ಗೀರು ಬಿದ್ದು ಆ ಗೀರುಗಳಲ್ಲಿ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಒಸಡು, ನಾಲಿಗೆ, ಉಳಿದ ಹಲ್ಲುಗಳನ್ನೂ ಸ್ವಚ್ಛಗೊಳಿಸಿ.

ಹಲ್ಲು ಹೋದ ಮೇಲೆ ದವಡೆಯ ಮೂಳೆ ಕ್ರಮೇಣ ಸವೆಯುವುದರಿಂದ ಸೆಟ್ ಸಡಿಲವಾಗುವುದು ಸಹಜ. ಆಗ ಅಂಟಿನ ಪೇಸ್ಟನ್ನು ಹೆಚ್ಚೆಚ್ಚು ಹಚ್ಚುತ್ತಾ ದಿನ ದೂಡಬೇಡಿ. ಸತುವಿರುವ ಪೇಸ್ಟನ್ನು ಬಹುಕಾಲ ಮಿತಿಮೀರಿ ಬಳಸಿದರೆ ದೇಹದಲ್ಲಿ ತಾಮ್ರದ ಅಂಶ ಕುಗ್ಗಿ ನರಗಳಿಗೆ ಹಾನಿಯಾಗಬಹುದು. ಪೇಸ್ಟ್ ಬೇಕೇಬೇಕಾದರೆ ಸತುವಿಲ್ಲದ್ದನ್ನು ಸ್ವಲ್ಪವೇ ಹಚ್ಚಿ, ಸೆಟ್ಟಿನ ಒಳಮೈಯನ್ನು ದಂತವೈದ್ಯರಿಂದ ಹೊಸದಾಗಿ ಹೊಂದಿಸಿಕೊಳ್ಳಿ.