ಹಿತ್ತಾಳೆ ಫಿಟಿಂಗ್ ಕೊಳ್ಳುವಾಗ ಇಷ್ಟು ನೋಡಿ
ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಫಿಟಿಂಗ್ ಬೇಗ ತುಕ್ಕು ಹಿಡಿಯುತ್ತದೆ. ನಲ್ಲಿ, ಗೀಸರ್ ಜೋಡಣೆಗೆ ಹಿತ್ತಾಳೆಯದ್ದೇ ವಾಸಿ. ಆದರೆ ಸುಮ್ನೆ ಹೊಳಪು ನೋಡಿ ತರಬೇಡಿ. ಒಳಗಿನ ಥ್ರೆಡ್ (ತಿರುಪಿನ ಹಲ್ಲು) ಹಳದಿ ಇದೆಯಾ ನೋಡಿ. ಬೂದು ಬಣ್ಣ ಕಂಡರೆ ಹಿತ್ತಾಳೆಯೇ ಹೌದಾ ಅಂತ ಅನುಮಾನ ಪಡಿ. ಅರ್ಧ ಇಂಚಿನದರ ಹೊರ ಥ್ರೆಡ್ ಅಳೆದರೆ ಸುಮಾರು 21 ಮಿ.ಮೀ. ಬರುತ್ತದೆ, ಗಾಬರಿಯಾಗಬೇಡಿ; ಅರ್ಧ ಇಂಚು ಅನ್ನುವುದು ಪೈಪಿನ ಸೈಜಿನ ಹೆಸರು, ಥ್ರೆಡ್‌ನ ಅಳತೆಯಲ್ಲ. ಹಳೇ ತುಂಡನ್ನೇ ಅಂಗಡಿಗೆ ಒಯ್ದರೆ ಈ ತಲೆನೋವೇ ಇಲ್ಲ, ಅಲ್ವಾ?

ಟೆಫ್ಲಾನ್ ಟೇಪ್ ಸುತ್ತುವಾಗ ಥ್ರೆಡ್‌ನ ತುದಿ ನಿಮ್ಮ ಕಡೆ ಇರಲಿ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಸುವಾಗ ಟೇಪ್ ಮುದುಡಿ ಹೊರಗೆ ಬರುತ್ತದೆ. ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಸ್ಪ್ಯಾನರ್. ಜಾಸ್ತಿ ಬಲ ಹಾಕಿದರೆ ಹಿತ್ತಾಳೆಯೂ ಸೀಳುತ್ತದೆ. ಸಿಪಿವಿಸಿ (ಬಿಸಿನೀರಿಗೂ ಬಳಸುವ ಪ್ಲಾಸ್ಟಿಕ್) ಪೈಪಿಗಾದರೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರ್ ಕೇಳಿ ತನ್ನಿ. ಟೈಲ್ಸ್ ಹಾಕುವ ಮೊದಲು ನೀರು ಬಿಟ್ಟು ಒಂದು ರಾತ್ರಿ ನೋಡಿ.