ಹೆಂಗಸರ ಸೆಟ್, ಗಂಡಸರ ಸೆಟ್: ನನ್ನ ಅನುಭವ

ಫಿಸಿಯೋಥೆರಪಿ ಓದುವಾಗ ಪ್ರಾಜೆಕ್ಟ್‌ಗೆ ಇಎಂಜಿ ಮೆಷಿನ್ ಬಳಸಿದ್ದೆ. ಸ್ನಾಯು ಕೆಲಸ ಮಾಡುವಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಅದು ಚರ್ಮದ ಮೇಲಿಂದಲೇ ಹಿಡಿಯುತ್ತದೆ. ತೊಡೆಯ ಹೊರಬದಿಯಲ್ಲಿ ಜಾಗ ಗುರುತು ಮಾಡಿ, ಕೂದಲು ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಎಲೆಕ್ಟ್ರೋಡ್‌ಗಳನ್ನು 2 ಸೆಂ.ಮೀ. ಅಂತರದಲ್ಲಿ ಅಂಟಿಸಬೇಕು. ಬೆವರಿಗೆ ಕಿತ್ತು ಬಂದರೆ ಮತ್ತೆ ಮೊದಲಿಂದ.

ಸ್ಕ್ವಾಟ್, ಅಂದರೆ ಕುಳಿತು ಏಳುವ ವ್ಯಾಯಾಮ ಮಾಡಿಸಿದೆ. ಹುಡುಗರ ಗೆರೆ ದೊಡ್ಡದಾಗಿ ಎದ್ದಿತು, ಹುಡುಗಿಯರದ್ದು ಸಣ್ಣಗೆ. 'ಹುಡುಗಿಯರ ಸ್ನಾಯು ಪೂರ್ತಿ ಕೆಲಸ ಮಾಡುತ್ತಿಲ್ಲ' ಎಂದು ಬರೆದುಕೊಂಡು ಗೈಡ್ ಮೇಡಂ ಹತ್ತಿರ ಹೋದೆ.

"ಎಂವಿಸಿ ತಗೊಂಡಿದ್ದೀಯಾ?" ಎಂದರು. ತಗೊಂಡಿರಲಿಲ್ಲ. ಎಂವಿಸಿ ಅಂದರೆ ಸ್ನಾಯುವನ್ನು ಗರಿಷ್ಠವಾಗಿ ಬಿಗಿದಾಗ ಸಿಗುವ ಅಳತೆ.

ಮೊದಲು ಪ್ರತಿಯೊಬ್ಬರೂ ಇದ್ದಷ್ಟೂ ಶಕ್ತಿ ಹಾಕಿ ಕಾಲು ಒತ್ತಬೇಕು. ಆಗ ಬಂದದ್ದು ಅವರ 100. ಆಮೇಲಿನದ್ದನ್ನೆಲ್ಲ ಅದರ ಶೇಕಡಾ ಲೆಕ್ಕದಲ್ಲೇ ನೋಡಬೇಕು. ಯಾಕೆಂದರೆ ಚರ್ಮದ ಕೆಳಗಿನ ಕೊಬ್ಬು ಸಂಕೇತವನ್ನು ಕುಗ್ಗಿಸುತ್ತದೆ, ರೇಡಿಯೋಗೆ ಕಂಬಳಿ ಹೊದಿಸಿದ ಹಾಗೆ. ಹೆಂಗಸರ ತೊಡೆಯಲ್ಲಿ ಆ ಪದರ ಸಾಮಾನ್ಯವಾಗಿ ಜಾಸ್ತಿ. ಎಲ್ಲರನ್ನೂ ಮತ್ತೆ ಕರೆದು ಅಳೆದೆ. ಅಂತರ ಬಹುಪಾಲು ಕರಗಿಹೋಯಿತು.

ಅಷ್ಟು ಕಲಿತೂ ಜಿಮ್‌ನಲ್ಲಿ ತರಬೇತಿ ಶುರು ಮಾಡಿದಾಗ ಎಲ್ಲರಿಗೂ ಒಂದೇ ಚಾರ್ಟ್ ಕೊಟ್ಟೆ. ಒಂದೇ ಒಂದು ಸಲ ಎತ್ತಲಾಗುವ ಗರಿಷ್ಠ ತೂಕದ 70%, ಒಂದು ಸೆಟ್‌ಗೆ 8 ರೆಪ್ (ಅಂದರೆ 8 ಸಲ), ಸೆಟ್‌ಗಳ ನಡುವೆ 3 ನಿಮಿಷ ರೆಸ್ಟ್. ಗಂಡಸರು ಏದುಸಿರು ಬಿಡುತ್ತಾ ಕೂರುತ್ತಿದ್ದರು. ಹೆಂಗಸರು ಸೆಟ್ ಮುಗಿಸಿ ಆರಾಮಾಗಿ ಮಾತಾಡುತ್ತಿದ್ದರು.

ಒಂದು ದಿನ ಒಬ್ಬ ಟೀಚರ್‌ಗೆ, "ಇವತ್ತು ಎಣಿಸಬೇಡಿ, ಆಗುವಷ್ಟು ಮಾಡಿ" ಎಂದೆ. ಸ್ಕ್ವಾಟ್‌ಗೆ ಅವರ ಬಾರ್‌ನಲ್ಲಿ 35 ಕೆ.ಜಿ., ಪಕ್ಕದಲ್ಲಿ ಅವರ ಯಜಮಾನರದ್ದು 70. ಇಬ್ಬರಿಗೂ ಅದು ಅವರವರ 70%. ಯಜಮಾನರು 10ಕ್ಕೆ ಬಾರ್ ಇಟ್ಟರು. ಟೀಚರ್ 14 ಮಾಡಿದರು. ಹದಿಮೂರನೆಯದಕ್ಕೆ ಕಾಲು ನಡುಗಿತು, ಆದರೂ ಬೆನ್ನು ಬಾಗಲಿಲ್ಲ.

ಹೆಂಗಸರ ತೊಡೆಯ ಸ್ನಾಯುವಿನಲ್ಲಿ ನಿಧಾನವಾಗಿ ದಣಿಯುವ ಎಳೆಗಳ ಪಾಲು ಸಾಮಾನ್ಯವಾಗಿ ಹೆಚ್ಚು. ಗಂಡಸರ ದೊಡ್ಡ ಸ್ನಾಯು ಜೋರಾಗಿ ಬಿಗಿದಾಗ ಒಳಗಿನ ರಕ್ತನಾಳಗಳನ್ನೇ ಒತ್ತಿಬಿಡುತ್ತದೆ, ರಕ್ತ ಹರಿಯುವುದು ಕಡಿಮೆಯಾಗುತ್ತದೆ. ತೂಕ ಗರಿಷ್ಠದ ಹತ್ತಿರ ಹೋದಂತೆ ಈ ವ್ಯತ್ಯಾಸ ಸಣ್ಣದಾಗುತ್ತದೆ. ಎಲ್ಲರೂ ಹೀಗೇ ಅಂತಲ್ಲ, ಬೇಗ ದಣಿಯುವ ಹೆಂಗಸರೂ ನನ್ನ ಹತ್ತಿರ ಇದ್ದಾರೆ. ಅದಕ್ಕೇ ಈಗ ಮೊದಲ ವಾರದಲ್ಲೇ ಒಂದು ಸೆಟ್ ಹೀಗೆ ಆಗುವಷ್ಟು ಮಾಡಿಸಿ ನೋಡುತ್ತೇನೆ. ಆಮೇಲೆ ಹೆಚ್ಚಿನ ಹೆಂಗಸರಿಗೆ ಎರಡು ಮೂರು ರೆಪ್ ಸೇರಿಸುತ್ತೇನೆ, ಇಲ್ಲವೇ ರೆಸ್ಟ್ 2 ನಿಮಿಷಕ್ಕೆ ಇಳಿಸುತ್ತೇನೆ.

ಕಬಡ್ಡಿ ಹುಡುಗಿಯರ ವಿಷಯದಲ್ಲಿ ಮಾತ್ರ ಮೊದಲು ನೋಡುವುದು ಮಂಡಿ. ಜಿಗಿದು ಇಳಿಯುವಾಗ ಹಲವರಲ್ಲಿ ಅದು ಒಳಕ್ಕೆ ವಾಲುತ್ತದೆ, ತೊಡೆಯ ಮುಂಭಾಗವೇ ಹೆಚ್ಚು ಭಾರ ಹೊರುತ್ತದೆ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಎಷ್ಟೋ ಸಲ ಹೀಗೇ. ಹಿಂತೊಡೆಗೆ ಎರಡು ಬೆರಳಿಟ್ಟು, "ಇಲ್ಲಿ ಬಿಗಿ ಮಾಡಮ್ಮ" ಎಂದು ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ಬಾರ್ ಇಳಿಸಿ ಎತ್ತುವುದು) ಮಾಡಿಸುತ್ತೇನೆ.

ಗಂಡಸರಿಗೂ ಹೆಂಗಸರಿಗೂ ಶಕ್ತಿಯ ಅಂತರ ಜಾಸ್ತಿ ಇರುವುದು ಸೊಂಟದ ಮೇಲೆ. ನಮ್ಮಲ್ಲಿ ಅತಿ ಚಿಕ್ಕ ಪ್ಲೇಟ್ 2.5 ಕೆ.ಜಿ. ಇತ್ತು. ಬೆಂಚ್ ಪ್ರೆಸ್‌ನಲ್ಲಿ (ಬೆಂಚಿನ ಮೇಲೆ ಮಲಗಿ ಬಾರ್ ಮೇಲಕ್ಕೆ ಒತ್ತುವುದು) ಟೀಚರ್ ಗರಿಷ್ಠ 25 ಎತ್ತುತ್ತಿದ್ದರು, ಬಾರ್‌ನ ಎರಡೂ ಬದಿಗೆ ಒಂದೊಂದು ಪ್ಲೇಟ್ ಹಾಕಬೇಕಾದ್ದರಿಂದ ಮುಂದಿನ ಹೆಜ್ಜೆ ನೇರ 30. ಅಂದರೆ ಒಂದೇ ಸಲಕ್ಕೆ 20% ಜಾಸ್ತಿ! ಎರಡು ತಿಂಗಳು ಅಲ್ಲೇ ನಿಂತರು. ನಾನೇ ಅರ್ಧ ಕೆ.ಜಿ. ಪ್ಲೇಟ್‌ಗಳ ಕೆಲವು ಜೋಡಿ ತಂದೆ. 26, 27, 28 ಆಯಿತು. ಮೊನ್ನೆ 32. ಅವರ ಮುಂದಿನ ಚಾರ್ಟ್‌ನ ಶೇಕಡಾ ಲೆಕ್ಕ ಇನ್ನು ಅದರ ಮೇಲೆ.